ಓದುಗರ ಪ್ರಶ್ನೆ: ಪರ್ಫ್ ತೋರಿಸುವ ಕರ್ನಲ್ ಹೆಸರನ್ನು ಎಷ್ಟು ನಂಬಬೇಕು?

ಪ್ರಶ್ನೆ: ಕಚೇರಿಯ ಲಿನಕ್ಸ್ ಸರ್ವರ್‌ನಲ್ಲಿ ಪರ್ಫ್ (ಯಾವ ಫಂಕ್ಷನ್‌ನಲ್ಲಿ ಎಷ್ಟು ಸಮಯ ಹೋಗುತ್ತದೆ ಎಂದು ಅಳೆಯುವ ಸಾಧನ) ಬಳಸಿ ‘ಪರ್ಫ್ ರೆಕಾರ್ಡ್’ ಮಾಡಿದ ಫೈಲನ್ನು ಮನೆಯ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡು ರಿಪೋರ್ಟ್ ತೆಗೆದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಫಂಕ್ಷನ್‌ಗಳ ಹೆಸರೇ ಇಲ್ಲ, ಬರೀ ವಿಳಾಸದ ಅಂಕಿಗಳು. ಎರಡು ಕಡೆಯೂ ‘ಯುನೇಮ್ -ಆರ್’ ಒಂದೇ ಆವೃತ್ತಿ ತೋರಿಸುತ್ತದೆ. ತಪ್ಪು ಎಲ್ಲಿದೆ?
– ಓದುಗರು, ಪೊನ್ನಂಪೇಟೆ

ಉತ್ತರ: ಊರಿನಲ್ಲಿ ಒಂದೇ ಹೆಸರಿನವರು ನಾಲ್ಕು ಜನ ಇದ್ದರೆ ನಾವು ಕೇಳುವುದು ಒಕ್ಕದ (ಮನೆತನದ) ಹೆಸರನ್ನು. ಕರ್ನಲ್‌ಗೆ ಆ ಒಕ್ಕದ ಹೆಸರು ಬಿಲ್ಡ್ ಐಡಿ. ಸಾಮಾನ್ಯವಾಗಿ 20 ಬೈಟ್, ತೆರೆಯ ಮೇಲೆ 40 ಅಕ್ಷರ. ಕಾನ್ಫಿಗ್‌ನಲ್ಲಿ ಒಂದು ಆಯ್ಕೆ ಬದಲಿಸಿ ಮತ್ತೆ ಕಂಪೈಲ್ ಮಾಡಿದರೆ ಆವೃತ್ತಿಯ ಹೆಸರು ಹಾಗೆಯೇ ಉಳಿಯಬಹುದು, ಬಿಲ್ಡ್ ಐಡಿ ಮಾತ್ರ ಬೇರೆಯಾಗುತ್ತದೆ, ಒಳಗಿನ ಫಂಕ್ಷನ್‌ಗಳೂ ಜಾಗ ಬದಲಿಸಿರುತ್ತವೆ.

ಲ್ಯಾಪ್‌ಟಾಪ್‌ನಲ್ಲಿ ‘ಪರ್ಫ್ ಬಿಲ್ಡ್‌ಐಡಿ-ಲಿಸ್ಟ್ -ಐ’ ಎಂದು ಬರೆದು ಮುಂದೆ ಡೇಟಾ ಫೈಲಿನ ಹೆಸರು ಕೊಡಿ. ಆಮೇಲೆ ‘ಪರ್ಫ್ ಬಿಲ್ಡ್‌ಐಡಿ-ಲಿಸ್ಟ್ -ಕೆ’ ಓಡಿಸಿ, ಇದು ಲ್ಯಾಪ್‌ಟಾಪ್‌ನ ಕರ್ನಲ್‌ನದು. ಎರಡೂ ಹೊಂದದಿದ್ದರೆ ಪರ್ಫ್ ಲ್ಯಾಪ್‌ಟಾಪ್‌ನ ಸಿಂಬಲ್‌ಗಳನ್ನು, ಅಂದರೆ ವಿಳಾಸಗಳಿಗೆ ಕೊಟ್ಟ ಹೆಸರುಗಳನ್ನು, ಮುಟ್ಟುವುದಿಲ್ಲ. ನಿಮಗೆ ಬರೀ ಅಂಕಿ ಬಂದದ್ದು ಅದಕ್ಕೇ, ಅದು ಒಳ್ಳೆಯದೇ ಆಯಿತು. ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ. ತಪ್ಪು ಹೆಸರು ಬಿದ್ದಿದ್ದರೆ ಯಾವುದೋ ಫಂಕ್ಷನ್ ಹಿಂದೆ ವಾರಗಟ್ಟಲೆ ಅಲೆಯುತ್ತಿದ್ದಿರಿ.

ಪರಿಹಾರ ಸರ್ವರ್‌ನಲ್ಲೇ ಇದೆ. ರೆಕಾರ್ಡ್ ಮುಗಿಯುವಾಗ ಪರ್ಫ್ ಆ ಕರ್ನಲ್‌ನ ಕಾಲ್‌ಸಿಮ್ಸ್ (ಸಿಂಬಲ್ ಮತ್ತು ವಿಳಾಸಗಳ ಪಟ್ಟಿ) ಪ್ರತಿಯನ್ನು ಹೋಮ್ ಡೈರೆಕ್ಟರಿಯ ‘.ಡಿಬಗ್’ ಒಳಗೆ ಬಿಲ್ಡ್ ಐಡಿಯ ಹೆಸರಿನಲ್ಲಿ ಇಟ್ಟುಕೊಳ್ಳುತ್ತದೆ (ದೊಡ್ಡಕ್ಷರದ ‘-ಎನ್’ ಕೊಟ್ಟು ರೆಕಾರ್ಡ್ ಮಾಡಿದ್ದರೆ ಇಡುವುದಿಲ್ಲ). ಅಲ್ಲಿ ‘ಪರ್ಫ್ ಆರ್ಕೈವ್’ ಓಡಿಸಿ, ಸಿಗುವ ಟಾರ್ ಫೈಲನ್ನು ಲ್ಯಾಪ್‌ಟಾಪ್‌ನ ‘.ಡಿಬಗ್’ ಒಳಗೆ ಬಿಚ್ಚಿ. ಬರೀ ಆರ್ಕೈವ್ ತಂದು ಡೇಟಾ ಫೈಲನ್ನು ಅಲ್ಲೇ ಮರೆತು ಬರುವವರೂ ಉಂಟು; ಎರಡೂ ಬೇಕು. ಇಷ್ಟಾದರೆ ಹೆಸರುಗಳು ಬರುತ್ತವೆ. ಸೋರ್ಸ್‌ನ ಸಾಲಿನ ಸಂಖ್ಯೆಯೂ ಬೇಕೆಂದರೆ ಮಾತ್ರ ಡಿಬಗ್ ಮಾಹಿತಿಯಿರುವ ವಿಎಂಲಿನಕ್ಸ್ (ಕುಗ್ಗಿಸದ ಕರ್ನಲ್ ಫೈಲ್) ಬೇಕಾಗುತ್ತದೆ. ಅದರ ಪ್ಯಾಕೇಜ್ ನೂರಾರು ಎಂಬಿ. ಮಳೆಗಾಲದಲ್ಲಿ ಮೊಬೈಲ್ ಸಿಗ್ನಲ್ ನಂಬಿ ಅದನ್ನು ಇಳಿಸಲು ಕೂರಬೇಡಿ.

ಪ್ರಶ್ನೆ: ನಮ್ಮಲ್ಲಿ ಜೂನ್‌ನಿಂದ ಕರೆಂಟ್ ಹೋಗಿ ಬಂದು ಮಾಡುತ್ತದೆ, ಯುಪಿಎಸ್ ಇಳಿದರೆ ಮೆಷಿನ್ ರೀಬೂಟ್. ಮೊದಲೇ ತೆಗೆದಿಟ್ಟ ಕಾಲ್‌ಸಿಮ್ಸ್ ಪ್ರತಿಯನ್ನು ರೀಬೂಟ್ ಆದ ಮೇಲೂ ಬಳಸಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ಕರ್ನಲ್‌ನ ಮುಖ್ಯ ಭಾಗಕ್ಕೆ ಬಳಸಬಹುದು, ಬೇಕಾದಾಗ ಬಂದು ಸೇರುವ ತುಣುಕುಗಳಾದ ಮಾಡ್ಯೂಲ್‌ಗಳಿಗೆ ಬೇಡ.

ಕೆಎಎಸ್‌ಎಲ್‌ಆರ್ ಎಂಬ ರಕ್ಷಣೆ ಪ್ರತಿ ಬೂಟ್‌ಗೂ ಕರ್ನಲ್ ಅನ್ನು ಬೇರೆ ವಿಳಾಸದಲ್ಲಿ ಕೂರಿಸುತ್ತದೆ. ಇದು 2014ರಲ್ಲಿ 3.14ನೇ ಆವೃತ್ತಿಗೆ ಸೇರಿತು. ಸಾಮಾನ್ಯ 64 ಬಿಟ್ ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಇದಿಲ್ಲದಿದ್ದರೆ ಕರ್ನಲ್‌ನ ಆರಂಭದ ವಿಳಾಸ ಎಂಟು ಎಫ್‌ಗಳ ನಂತರ 81000000. ಇದ್ದರೆ ಇವತ್ತು 94200000 ಆಗಬಹುದು, ನಾಳೆ ಇನ್ನೊಂದು. ವ್ಯತ್ಯಾಸ 13200000, ಹದಿನಾರರ ಲೆಕ್ಕದಲ್ಲಿ. ಒಳಗಿನ ಎಲ್ಲ ಫಂಕ್ಷನ್‌ಗಳೂ ಇಷ್ಟೇ ಸರಿದಿರುತ್ತವೆ. ರೆಕಾರ್ಡ್ ಮಾಡುವಾಗ ಪರ್ಫ್ ‘_ಟೆಕ್ಸ್ಟ್’ ಅಥವಾ ‘_ಎಸ್‌ಟೆಕ್ಸ್ಟ್’ ಎಂಬ ಸಿಂಬಲ್‌ನ ಅಂದಿನ ವಿಳಾಸವನ್ನು ಡೇಟಾದಲ್ಲಿ ಬರೆದಿಡುತ್ತದೆ. ರಿಪೋರ್ಟ್ ತೆಗೆಯುವಾಗ ನೀವು ಕೊಟ್ಟ ಪ್ರತಿಯಲ್ಲಿರುವ ಅದೇ ಸಿಂಬಲ್‌ಗೆ ಹೋಲಿಸಿ ಸರಿತವನ್ನು ತಾನೇ ಕಳೆಯುತ್ತದೆ. ಮಾಡ್ಯೂಲ್‌ಗಳು ಒಂದೊಂದೂ ಪ್ರತ್ಯೇಕವಾಗಿ ಲೋಡ್ ಆಗುವುದರಿಂದ ಈ ಒಂದು ಅಂಕಿ ಅವಕ್ಕೆ ಹೊಂದುವುದಿಲ್ಲ.

ಹುಷಾರಾಗಿರಬೇಕಾದ್ದು ‘--ಕಾಲ್‌ಸಿಮ್ಸ್’ ಆಯ್ಕೆಯ ವಿಷಯದಲ್ಲಿ. ನೀವು ಕೈಯಾರೆ ಕೊಟ್ಟ ಕಾಲ್‌ಸಿಮ್ಸ್‌ನ ಬಿಲ್ಡ್ ಐಡಿಯನ್ನು ಪರ್ಫ್ ಪರೀಕ್ಷಿಸುವುದಿಲ್ಲ. ಆ ಪಠ್ಯದಲ್ಲಿ ಬಿಲ್ಡ್ ಐಡಿ ಇರುವುದೂ ಇಲ್ಲ. ಬೇರೆ ಬಿಲ್ಡ್‌ನ ಪ್ರತಿ ಕೊಟ್ಟರೂ ಹೆಸರುಗಳು ಚೆಂದವಾಗಿ ತುಂಬಿಕೊಳ್ಳುತ್ತವೆ, ಸುಮಾರು ಎಲ್ಲವೂ ತಪ್ಪಾಗಿರುತ್ತವೆ. ಪ್ರತಿ ತೆಗೆಯುವಾಗಲೇ ಫೈಲಿನ ಹೆಸರಿಗೆ ಬಿಲ್ಡ್ ಐಡಿಯ ಮೊದಲ ಎಂಟು ಅಕ್ಷರ ಸೇರಿಸಿಡಿ.

ಪ್ರಶ್ನೆ: ನಾನು ತೆಗೆದ ಕಾಲ್‌ಸಿಮ್ಸ್ ಪ್ರತಿಯಲ್ಲಿ ಎಲ್ಲ ವಿಳಾಸಗಳೂ ಸೊನ್ನೆ. ಯಾಕೆ?
– ಓದುಗರು, ಗೋಣಿಕೊಪ್ಪ

ಉತ್ತರ: ಕರ್ನಲ್ ವಿಳಾಸಗಳನ್ನು ಮರೆಮಾಡುವ ‘ಕೆಪಿಟಿಆರ್_ರಿಸ್ಟ್ರಿಕ್ಟ್’ ಸೆಟ್ಟಿಂಗ್‌ನ ಬೆಲೆ ನೋಡಿ. 1 ಇದ್ದರೆ ರೂಟ್ ಆಗಿ ತೆಗೆಯಿರಿ. 2 ಇದ್ದರೆ ರೂಟ್‌ಗೂ ಸೊನ್ನೆಯೇ. ಮೊದಲು 1ಕ್ಕೆ ಇಳಿಸಬೇಕು. 0 ಇದ್ದೂ ಸಾಮಾನ್ಯ ಬಳಕೆದಾರರಿಗೆ ಸೊನ್ನೆ ಬಂದರೆ ‘ಪರ್ಫ್_ಇವೆಂಟ್_ಪ್ಯಾರನಾಯ್ಡ್’ 1ಕ್ಕಿಂತ ಹೆಚ್ಚಿದೆಯೇ ನೋಡಿ. ಇವೆಲ್ಲ ರೆಕಾರ್ಡ್‌ಗೆ ಮೊದಲು ಆಗಬೇಕು. ಸೊನ್ನೆ ಇದ್ದಾಗ ರೆಕಾರ್ಡ್ ಮಾಡಿದರೆ ಮೇಲೆ ಹೇಳಿದ ‘_ಟೆಕ್ಸ್ಟ್’ ವಿಳಾಸ ಡೇಟಾಗೆ ಸೇರುವುದೇ ಇಲ್ಲ, ಆಗ ಸರಿತ ಕಳೆಯಲು ಆಧಾರವಿಲ್ಲ. ಪರ್ಫ್ ಎಚ್ಚರಿಕೆ ಕೊಟ್ಟಿರುತ್ತದೆ, ನಾವೇ ಓದಿರುವುದಿಲ್ಲ.

ಪ್ರಶ್ನೆ: ‘ಪರ್ಫ್ ಟೆಸ್ಟ್’ ಓಡಿಸಿದರೆ ವಿಎಂಲಿನಕ್ಸ್ ಮತ್ತು ಕಾಲ್‌ಸಿಮ್ಸ್ ಹೋಲಿಸುವ ಪರೀಕ್ಷೆ ‘ಸ್ಕಿಪ್’ ಎನ್ನುತ್ತದೆ. ಬೂಟ್ ಡೈರೆಕ್ಟರಿಯಲ್ಲಿ ಕರ್ನಲ್ ಇದೆಯಲ್ಲ?
– ವಿದ್ಯಾರ್ಥಿ, ಕುಶಾಲನಗರ

ಉತ್ತರ: ಅಲ್ಲಿರುವುದು ಕೊನೆಯಲ್ಲಿ ‘ಝಡ್’ ಇರುವ ವಿಎಂಲಿನಝಡ್. ಅದು ಕುಗ್ಗಿಸಿದ ಪ್ರತಿ, ಸಿಂಬಲ್ ಪಟ್ಟಿ ಅದರಲ್ಲಿಲ್ಲ. ಉಬುಂಟುವಿನಲ್ಲಿ ಡಿಬಿಜಿಸಿಮ್, ಫೆಡೋರಾದಲ್ಲಿ ಕರ್ನಲ್-ಡಿಬಗ್‌ಇನ್ಫೋ ಪ್ಯಾಕೇಜ್ ಹಾಕಿ. ಸ್ಕಿಪ್ ಎಂದರೆ ಹೋಲಿಸಲು ಫೈಲ್ ಸಿಗಲಿಲ್ಲ ಎಂದಷ್ಟೇ.

ಹಾಕಿದ ಮೇಲೆ ‘-ವಿ’ ಕೊಟ್ಟು ಓಡಿಸಿದರೆ ಒಂದಿಷ್ಟು ವ್ಯತ್ಯಾಸದ ಸಾಲುಗಳು ಕಾಣಬಹುದು. ಒಂದೇ ವಿಳಾಸಕ್ಕೆ ಎರಡು ಮೂರು ಹೆಸರು ಇರುವುದು ಕರ್ನಲ್‌ನಲ್ಲಿ ಸಾಮಾನ್ಯ. ಒಂದು ಪಟ್ಟಿಯಿಂದ ಒಂದು ಹೆಸರು, ಇನ್ನೊಂದರಿಂದ ಮತ್ತೊಂದು ಬಂದಿರುತ್ತದೆ. ಫಂಕ್ಷನ್ ಮುಗಿಯುವ ವಿಳಾಸವೂ ಅಷ್ಟಿಷ್ಟು ತಪ್ಪಬಹುದು, ಏಕೆಂದರೆ ಕಾಲ್‌ಸಿಮ್ಸ್‌ನಲ್ಲಿ ಅಳತೆ ಇರುವುದಿಲ್ಲ, ಮುಂದಿನ ಸಿಂಬಲ್ ಶುರುವಾಗುವಲ್ಲಿ ಹಿಂದಿನದು ಮುಗಿಯಿತು ಎಂದು ಪರ್ಫ್ ಊಹಿಸುತ್ತದೆ. ಒಂದು ಮೆಮೊರಿ ಪುಟದೊಳಗಿನ ಈ ತಪ್ಪಿಗೆ ತಲೆ ಕೆಡಿಸಿಕೊಳ್ಳಬೇಡಿ. ಆರಂಭದ ವಿಳಾಸಗಳೇ ಸಾಲುಸಾಲಾಗಿ ಹೊಂದದಿದ್ದರೆ ಮಾತ್ರ ಬೇರೆ ಬಿಲ್ಡ್‌ನ ವಿಎಂಲಿನಕ್ಸ್ ಕೈಗೆ ಸಿಕ್ಕಿದೆ ಎಂದರ್ಥ. ‘ರೀಡ್‌ಎಲ್ಫ್ -ಎನ್’ ಕೊಟ್ಟು ಅದರ ಬಿಲ್ಡ್ ಐಡಿ ನೋಡಿ.