ಇಡ್ಲಿ ಚೆನ್ನಾಗಿದ್ದಷ್ಟೂ ಅಲ್ಲಿಗೆ ಹೋಗೋದು ಕಡಿಮೆನಾ?

ಪ್ರಶ್ನೆ: ಇಬ್ಬರು ಗೆಳೆಯರು ಮೊದಲೇ ಮಾತಾಡಿಕೊಳ್ಳದೆ ಒಂದು ಕಡೆ ಸೇರಬೇಕು. ಇಬ್ಬರೂ ‘ಅ’ ಜಾಗಕ್ಕೆ ಬಂದರೆ ತಲಾ 3 ಅಂಕ, ಇಬ್ಬರೂ ‘ಬ’ ಜಾಗಕ್ಕೆ ಬಂದರೆ ತಲಾ 1, ಬೇರೆ ಬೇರೆ ಕಡೆ ಹೋದರೆ ಸೊನ್ನೆ. ಮಿಕ್ಸ್ಡ್ ಸ್ಟ್ರಾಟಜಿ (ಒಂದೇ ಆಯ್ಕೆ ಹಿಡಿಯದೆ ಇಂತಿಷ್ಟು ಸಂಭವದಂತೆ ಬೆರೆಸಿ ಆಡುವುದು) ಲೆಕ್ಕ ಮಾಡಿದರೆ ‘ಅ’ಗೆ ಹೋಗುವ ಸಂಭವ 1/4 ಬರುತ್ತದೆ. 3ರ ಬದಲು 10 ಹಾಕಿದರೆ 1/11ಕ್ಕೆ ಇಳಿಯುತ್ತದೆ. ಜಾಗ ಒಳ್ಳೆಯದಾದಷ್ಟೂ ಕಡಿಮೆ ಹೋಗುವುದಾ? ಎಲ್ಲಿ ತಪ್ಪಿದೆ?

ಉತ್ತರ:

ಲೆಕ್ಕ ಸರಿಯಾಗಿದೆ. ಎಂ.ಎ. ಓದುವಾಗ ನಾನೂ ಇಲ್ಲೇ ಮುಗ್ಗರಿಸಿದ್ದೆ. ಪರೀಕ್ಷೆ ಪಾಸಾಯಿತು, ಅರ್ಥ ಮಾತ್ರ ಆಗಲಿಲ್ಲ. ಆಮೇಲೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಹುಡುಗರಿಗೆ ಟ್ಯೂಷನ್ ಹೇಳಿಕೊಡುತ್ತಾ ಹೇಳಿಕೊಡುತ್ತಾ ತಲೆಗೆ ಹೋಯಿತು.

ಮೊದಲು ‘ಅ’, ‘ಬ’ ತೆಗೆದು ಮುಂಬೈ ಹಾಕೋಣ. ‘ಅ’ ಅಂದರೆ ಮಾಟುಂಗದ ಉಡುಪಿ ಹೋಟೆಲ್. ಬಿಸಿ ಇಡ್ಲಿ, ಫಿಲ್ಟರ್ ಕಾಫಿ, ಪಕ್ಕದ ಟೇಬಲ್ಲಿನಲ್ಲಿ ಕನ್ನಡ. ‘ಬ’ ಅಂದರೆ ದಾದರ್ ಸ್ಟೇಷನ್ನಿನ ಸೇತುವೆ. ನೂಕುನುಗ್ಗಲು, ಬೆವರು, ಆದರೂ ಭೇಟಿ ಭೇಟಿಯೇ. ನಾನು ಲೋಕಲ್ ರೈಲಿನ ಸೆಂಟ್ರಲ್ ಲೈನಿನವನು. ಗೆಳೆಯ ಬೋರಿವಲಿಯವನು, ಅಂದರೆ ವೆಸ್ಟರ್ನ್.

ಸೊನ್ನೆ ಅಂಕ ಅಂದರೆ ಏನು ಅಂತ ನಮಗೆ ಚೆನ್ನಾಗಿ ಗೊತ್ತು. ಮೊಬೈಲ್ ಇಲ್ಲದ ಕಾಲ. ‘ದಾದರ್, ಒಂದನೇ ನಂಬರ್ ಪ್ಲಾಟ್‌ಫಾರ್ಮ್, ಹತ್ತು ಗಂಟೆ’ ಅಂತ ಮಾತಾಗಿತ್ತು. ಆಗ ದಾದರಿನಲ್ಲಿ ಎರಡು ಒಂದನೇ ನಂಬರ್ ಇದ್ದವು, ಒಂದೊಂದು ಲೈನಿಗೆ ಒಂದೊಂದು. ಯಾವುದು ಅಂತ ಇಬ್ಬರೂ ಹೇಳಿರಲಿಲ್ಲ, ತಪ್ಪು ನಮ್ಮದೇ. ಅವನು ತನ್ನ ಒಂದರಲ್ಲಿ ಕಾದ, ನಾನು ನನ್ನ ಒಂದರಲ್ಲಿ. ಮುಕ್ಕಾಲು ಗಂಟೆ ಆದ ಮೇಲೆ ಇಬ್ಬರಿಗೂ ಒಟ್ಟಿಗೇ ಬುದ್ಧಿ ಬಂತು. ನಾನು ಆ ಕಡೆ ಹೋದೆ, ಅವನು ಈ ಕಡೆ ಬಂದ. ಸೇತುವೆಯ ಜನಜಂಗುಳಿಯಲ್ಲಿ ಒಬ್ಬರನ್ನೊಬ್ಬರು ದಾಟಿಕೊಂಡೇ ಹೋಗಿದ್ದೆವು. (2023ರ ಡಿಸೆಂಬರಿನಲ್ಲಿ ನಂಬರ್ ಬದಲಾಯಿಸಿದರು. ಈಗ ವೆಸ್ಟರ್ನ್ 1ರಿಂದ 7, ಸೆಂಟ್ರಲ್ 8ರಿಂದ ಶುರು. ನಮಗೆ ಮೂವತ್ತು ವರ್ಷ ತಡವಾಯಿತು, ಅಷ್ಟೇ.)

ಈಗ ನಿಮ್ಮ ಲೆಕ್ಕ. ಗೆಳೆಯ ಮಾಟುಂಗಕ್ಕೆ ಬರುವ ಸಂಭವ ಕ್ಯೂ ಅಂತಿಟ್ಟುಕೊಳ್ಳಿ. ನಾನು ಮಾಟುಂಗಕ್ಕೆ ಹೋದರೆ ಸರಾಸರಿ ಸಿಗುವುದು ಕ್ಯೂನ ಮೂರರಷ್ಟು. ದಾದರಿಗೆ ಹೋದರೆ ಸಿಗುವುದು ಒಂದರಲ್ಲಿ ಕ್ಯೂ ಕಳೆದಷ್ಟು. ಒಂದು ಕಡೆ ಹೆಚ್ಚು ಸಿಗುವುದಾದರೆ ನಾನು ಅಲ್ಲಿಗೇ ಹೋಗುತ್ತೇನೆ, ಬೆರೆಸಿ ಆಡಬೇಕಾದರೆ ಎರಡೂ ಸಮ ಇರಬೇಕು. ಎರಡೂ ಸಮ ಆಗುವುದು ಕ್ಯೂ 1/4 ಆದಾಗ. ಇಲ್ಲೊಂದು ತಮಾಷೆ ನೋಡಿ. ನಾವು ಸಮ ಮಾಡಿದ್ದು ನನ್ನ ಅಂಕಗಳನ್ನು. ಸಿಕ್ಕಿದ್ದು ಅವನ ಸಂಭವ! ಅವನಿಗೆ ಇಡ್ಲಿ ಇಷ್ಟವೋ ಇಲ್ಲವೋ, ಈ ಸಮೀಕರಣ ಕೇಳಲೇ ಇಲ್ಲ.

ಹಾಗಾದರೆ 1/4 ಏನನ್ನು ಹೇಳುತ್ತಿದೆ? ಅವನು ಬರುವ ಸಂಭವ ನೂರಕ್ಕೆ 30 ಅಂತ ನನಗೆ ಅನಿಸಿದರೆ ಮಾಟುಂಗಕ್ಕೆ 0.9, ದಾದರಿಗೆ 0.7. ನಾನು ಕಣ್ಣುಮುಚ್ಚಿ ಮಾಟುಂಗಕ್ಕೆ ಹೋಗುತ್ತೇನೆ. ನೂರಕ್ಕೆ 20 ಅಂತ ಅನಿಸಿದರೆ 0.6 ಮತ್ತು 0.8, ಹಾಗಾಗಿ ದಾದರ್. ಅಂದರೆ ನಾನು ಮಾಟುಂಗದ ಕಡೆ ಹೊರಡಲು ಅವನ ಮೇಲೆ ಎಷ್ಟು ನಂಬಿಕೆ ಬೇಕು ಅನ್ನುವುದರ ಗಡಿ ಈ 1/4. ಇಡ್ಲಿಗೆ 10 ಅಂಕ ಕೊಟ್ಟರೆ 1/11ಕ್ಕಿಂತ ಚೂರು ಹೆಚ್ಚು ನಂಬಿಕೆ ಇದ್ದರೂ ಸಾಕು, ಹೋಗಿ ನೋಡಿಯೇಬಿಡೋಣ ಅನಿಸುತ್ತದೆ. ಈಗ ನಿಮ್ಮ ವಿಚಿತ್ರ ಸಂಖ್ಯೆ ಸಹಜವಾಗಿಯೇ ಕಾಣುತ್ತದೆ ಅಲ್ವಾ?

ನಾನು ಸಕಲೇಶಪುರದ ಕಡೆಯವನು. ಅಲ್ಲಿ ಮಂಕನಹಳ್ಳಿಯ ಹತ್ತಿರ ಏಣಿನ (ಬೆಟ್ಟದ ನೆತ್ತಿಯ ಸಾಲಿನ) ಮೇಲೆ ಒಂದು ಗುರುತಿನ ಕಲ್ಲಿದೆ. ಈಚೆ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ, ಆಚೆ ಬಿದ್ದದ್ದು ಬಂಗಾಳ ಕೊಲ್ಲಿಗೆ. ನಿಮ್ಮ 1/4 ಆ ಏಣಿನ ಹಾಗೆ. ನೀರು ಅಲ್ಲಿ ನಿಲ್ಲುವುದಿಲ್ಲ. ನಂಬಿಕೆ ಒಂದು ಕೂದಲೆಳೆ ಆ ಕಡೆ ವಾಲಿದರೆ ಇಬ್ಬರೂ ಮಾಟುಂಗ, ಈ ಕಡೆ ವಾಲಿದರೆ ಇಬ್ಬರೂ ದಾದರ್. ಹೆಸರಿಗೆ ನ್ಯಾಶ್ ಸಮತೋಲನ (ಒಬ್ಬರೇ ಆಯ್ಕೆ ಬದಲಿಸಿದರೆ ಲಾಭವಿಲ್ಲದ ಸ್ಥಿತಿ), ನಿಜದಲ್ಲಿ ತುದಿಯ ಮೇಲೆ ನಿಲ್ಲಿಸಿದ ಪೆನ್ಸಿಲ್. ಲಾಭವೂ ಇಲ್ಲ. ಇಬ್ಬರೂ 1/4ರಂತೆ ಆಡಿದರೆ 16ರಲ್ಲಿ 6 ಸಲ ಭೇಟಿಯೇ ತಪ್ಪುತ್ತದೆ, ಸರಾಸರಿ ಅಂಕ 3/4. ಸುಮ್ನೆ ದಾದರ್ ಸೇತುವೆಯಲ್ಲಿ ಸೇರಿದ್ದರೂ 1 ಸಿಗುತ್ತಿತ್ತು!

ಇದನ್ನು ನೋಡಿ ಮಿಕ್ಸ್ಡ್ ಸ್ಟ್ರಾಟಜಿಯೇ ದಂಡ ಅಂದುಕೊಳ್ಳಬೇಡಿ. ಟಿಕೆಟ್ ಇಲ್ಲದ ಪ್ರಯಾಣಿಕ ಮತ್ತು ಟಿ.ಸಿ. ಆಟ ನೋಡಿ. ಟಿ.ಸಿ. ದಿನಾ ಒಂದೇ ಸೇತುವೆಯಲ್ಲಿ ನಿಂತರೆ ಎಲ್ಲ ಕಳ್ಳರೂ ಇನ್ನೊಂದು ಸೇತುವೆ ಹತ್ತುತ್ತಾರೆ. ಕಳ್ಳ ದಿನಾ ಒಂದೇ ದಾರಿ ಹಿಡಿದರೆ ಸಿಕ್ಕಿಬೀಳುತ್ತಾನೆ. ಅಲ್ಲಿ ಪ್ಯೂರ್ ಸಮತೋಲನವೇ (ಇಬ್ಬರೂ ಒಂದೊಂದೇ ಆಯ್ಕೆಗೆ ಅಂಟಿಕೊಳ್ಳುವುದು) ಇಲ್ಲ, ಇಬ್ಬರೂ ಬೆರೆಸಿಯೇ ಆಡಬೇಕು. ಅವರ ಬದುಕು ನಡೆಯುವುದು ಗುಟ್ಟಿನಲ್ಲಿ. ನಮ್ಮ ಭೇಟಿಯ ಆಟದಲ್ಲಿ ಗುಟ್ಟೇ ಶತ್ರು. ನಾನು ಎಲ್ಲಿಗೆ ಹೋಗುತ್ತೇನೆ ಅಂತ ಅವನಿಗೆ ಗೊತ್ತಾದಷ್ಟೂ ಇಬ್ಬರಿಗೂ ಒಳ್ಳೆಯದು.

ಗೊತ್ತಾಗುವುದು ಹೇಗೆ? ಇದಕ್ಕೆ ಸಮೀಕರಣದಲ್ಲಿ ಉತ್ತರ ಇಲ್ಲ. ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಅಮೆರಿಕದಲ್ಲಿ ಜನರನ್ನು ಕೇಳಿದ್ದರು: ನ್ಯೂಯಾರ್ಕಿನಲ್ಲಿ ಒಬ್ಬರನ್ನು ಭೇಟಿಯಾಗಬೇಕು, ಜಾಗ, ಹೊತ್ತು ಎರಡೂ ನಿಗದಿಯಾಗಿಲ್ಲ, ಎಲ್ಲಿಗೆ ಹೋಗುತ್ತೀರಿ? ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್ನಿನ ವಿಚಾರಣೆ ಕೌಂಟರ್, ಮಧ್ಯಾಹ್ನ 12 ಗಂಟೆ ಅಂತ ಬಹಳ ಮಂದಿ ಹೇಳಿದರು. ಎಲ್ಲರ ಕಣ್ಣಿಗೂ ಮೊದಲು ಬೀಳುವ ಇಂಥ ಆಯ್ಕೆಗೆ ಫೋಕಲ್ ಪಾಯಿಂಟ್ ಅನ್ನುತ್ತಾರೆ. ಶೆಲ್ಲಿಂಗ್ ಅವರಿಗೆ 2005ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ವಿಷಯದಲ್ಲಿ ಫೋಕಲ್ ಪಾಯಿಂಟ್ ಬಂದದ್ದು ಹಸಿವಿನಿಂದ. ಆ ದಿನ ಅವನನ್ನು ಹುಡುಕಿ ಸಾಕಾಗಿ ನಾನು ಮಾಟುಂಗಕ್ಕೆ ಹೋದೆ, ಇಡ್ಲಿಯಾದರೂ ತಿನ್ನೋಣ ಅಂತ. ಅವನು ಆಗಲೇ ಅಲ್ಲಿ ಎರಡನೇ ಪ್ಲೇಟಿನಲ್ಲಿದ್ದ. ಅಂದಿನಿಂದ ಯಾವಾಗ ತಪ್ಪಿಸಿಕೊಂಡರೂ ಮಾಟುಂಗ.

ಪರೀಕ್ಷೆಯ ಮಾತು ಬೇರೆ. ಅಲ್ಲಿ ಮೂರೂ ಸಮತೋಲನಗಳನ್ನು ಬರೆಯಿರಿ, ಎರಡು ಪ್ಯೂರ್, ಒಂದು ಮಿಕ್ಸ್ಡ್. 1/4 ಬರೆದ ಮೇಲೆ ಸರಾಸರಿ ಅಂಕ 3/4 ಅನ್ನೂ ಬರೆಯಿರಿ, ನನ್ನ ಹುಡುಗರು ಅದನ್ನೇ ಮರೆತು ಅಂಕ ಕಳೆದುಕೊಳ್ಳುತ್ತಾರೆ.