ಕೈಗೆ ಬರುವ ಸಂಬಳ ಬೇರೆ, ಲೆಡ್ಜರಿನ ಸಂಬಳ ಬೇರೆ

ತಂಗಿ, ನಿನ್ನ ಮೆಸೇಜು ಓದಿದೆ. ದಾವಣಗೆರೆ ಮಂಡಿಪೇಟೆಯಲ್ಲಿ ಮೂರು ವರ್ಷ ಟ್ಯಾಲಿ ನೋಡಿಕೊಂಡಿದ್ದವಳು ಈಗ ಟೊರಾಂಟೊ ಹತ್ತಿರ ಆರು ಜನರ ಕಂಪನಿ ಸೇರಿದ್ದೀಯ ಅಂತ ಗೊತ್ತಾಗಿ ಖುಷಿಯಾಯಿತು. ಸಂಬಳಕ್ಕೆ ಸಾಫ್ಟ್‌ವೇರ್ ಇಲ್ಲ, ಲೆಡ್ಜರಿಗೆ ಕೈಯಲ್ಲೇ ಎಂಟ್ರಿ ಹಾಕಬೇಕು, ಹೇಗೆ ಅಂತ ಕೇಳಿದ್ದೀಯ. ಜೊತೆಗೆ ಬಾಡಿಗೆ, ಚಳಿ, ಒಂಟಿತನದ ಬಗ್ಗೆಯೂ.

ಬಾಡಿಗೆ ಜಾಸ್ತಿನೇ. ಮೊದಲ ವರ್ಷ ಯಾರ ಜೊತೆಗಾದರೂ ಹಂಚಿಕೊಂಡು ಇರು. ಚಳಿಗೆ ಮೊದಲು ಒಳ್ಳೆ ಬೂಟು ತಗೋ, ಕೋಟು ಆಮೇಲೆ. ಒಂಟಿತನದ ಮಾತು ಫೋನಲ್ಲಿ ಆಡೋಣ. ಸಂಜೆ ಆದರೆ ನನಗೆ ಈಗಲೂ ಮಂಡಕ್ಕಿ ಮಿರ್ಚಿ ನೆನಪಾಗುತ್ತದೆ.

ನಾನು ಬಂದಿದ್ದು 2009ರ ಜನವರಿಯಲ್ಲಿ. ಊರಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿಯ ಕಿರ್ದಿ ಬರೆಯುತ್ತಿದ್ದೆ. ಸಾಹುಕಾರರು ಹಮಾಲರಿಗೆ ಎಷ್ಟು ಎಣಿಸಿ ಕೊಟ್ಟರೋ ಅಷ್ಟೇ ಖರ್ಚು. ಇಲ್ಲೂ ಹಾಗೇ ಮಾಡಿದೆ. ಚೆಕ್ಕಿನಲ್ಲಿ ಇದ್ದಷ್ಟನ್ನು ಸಂಬಳ ಅಂತ ಡೆಬಿಟ್ ಮಾಡಿ, ಬ್ಯಾಂಕಿಗೆ ಕ್ರೆಡಿಟ್ ಹಾಕಿದೆ. ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಡೆಬಿಟ್ ಕ್ರೆಡಿಟ್‌ಗಳ ಒಟ್ಟು ಪಟ್ಟಿ, ತಾಳೆ ಆಗುತ್ತಿತ್ತು. ಸರಿ ಇದೆ ಅಂದುಕೊಂಡೆ.

ತಾಳೆ ಆದ ಮಾತ್ರಕ್ಕೆ ಲೆಕ್ಕ ಸರಿ ಇದೆ ಅಂತಲ್ಲ, ನೋಡು. ಲೆಕ್ಕಕ್ಕೆ ಸುಲಭವಾಗಲಿ ಅಂತ ದುಂಡು ಅಂಕಿ ಹೇಳುತ್ತೇನೆ. ಒಬ್ಬನ ತಿಂಗಳ ಸಂಬಳ 4,000 ಡಾಲರ್. ಅವನಿಂದ ಸಿ.ಪಿ.ಪಿ. ಅಂದರೆ ಪಿಂಚಣಿಗೆ 220, ಇ.ಐ. ಅಂದರೆ ಕೆಲಸ ಹೋದಾಗಿನ ವಿಮೆಗೆ 65, ತೆರಿಗೆ 450 ಹಿಡಿದೆ. ಅವನ ಕೈಗೆ 3,265. ಆದರೆ ನೀನು ಸಂಬಳ ಖರ್ಚಿಗೆ ಡೆಬಿಟ್ ಹಾಕಬೇಕಾದ್ದು ಪೂರ್ತಿ 4,000. ಹಿಡಿದ ಮೂರನ್ನೂ ಒಂದೊಂದು ಬಾಕಿ ಖಾತೆಗೆ, ಅಂದರೆ ಕಂಪನಿ ಇನ್ನೂ ಕೊಡಬೇಕಾದ್ದರ ಖಾತೆಗೆ, ಕ್ರೆಡಿಟ್ ಮಾಡು. 3,265 ಸಂಬಳ ಬಾಕಿಗೆ ಹೋಗಲಿ. ಕೊಟ್ಟ ದಿನ ಆ ಬಾಕಿ ತೆಗೆದು ಬ್ಯಾಂಕಿಗೆ ಕ್ರೆಡಿಟ್.

ಇನ್ನೊಂದು ಎಂಟ್ರಿ ಇದೆ, ಅದನ್ನೇ ಹೊಸಬರು ಬಿಡೋದು. ನಮ್ಮ ಪಿ.ಎಫ್.ಗೆ ಕಂಪನಿಯೂ ಶೇ. 12 ಹಾಕುತ್ತದೆ ಅಲ್ವಾ? ಹಾಗೇ ಇಲ್ಲೂ ಸಿ.ಪಿ.ಪಿ.ಗೆ ನೌಕರ ಕೊಟ್ಟಷ್ಟೇ ಕಂಪನಿ ಕೊಡಬೇಕು, ಇ.ಐ.ಗೆ ಅವನ 1.4 ಪಟ್ಟು. ಅಂದರೆ 220, 91. ಈ 311 ಕಂಪನಿಯ ಖರ್ಚು, ಡೆಬಿಟ್. ಅದೇ ಬಾಕಿ ಖಾತೆಗಳಿಗೆ ಕ್ರೆಡಿಟ್. ನೌಕರನಿಂದ ಹಿಡಿದದ್ದೂ ಸೇರಿ ಒಟ್ಟು 1,046 ಡಾಲರ್ ಕೆನಡಾ ರೆವೆನ್ಯೂ ಏಜೆನ್ಸಿಗೆ, ಅಂದರೆ ಇಲ್ಲಿನ ತೆರಿಗೆ ಇಲಾಖೆಗೆ, ಹೋಗಬೇಕು. ಸಾಮಾನ್ಯವಾಗಿ ಮುಂದಿನ ತಿಂಗಳ 15ರ ಒಳಗೆ. ಕಟ್ಟಿದ ಮೇಲೆ ಆ ತಿಂಗಳ ಬಾಕಿ ಸೊನ್ನೆ ಆಗದಿದ್ದರೆ ಎಲ್ಲೋ ತಪ್ಪಿದೆ ಅಂತಲೇ ಅರ್ಥ. ರಜೆ ಸಂಬಳಕ್ಕೆ ಬೇರೆ ಖಾತೆ ಇಡು. ಟಿ4, ಅಂದರೆ ನೌಕರನ ವರ್ಷದ ಸಂಬಳ, ಕಡಿತದ ಚೀಟಿ, ಅದರ ವಿಷಯ ಫೆಬ್ರವರಿಗೆ ಮುಂಚೆ ಹೇಳಿಕೊಡುತ್ತೇನೆ.

ನನ್ನ ಲೆಡ್ಜರಿನಲ್ಲಿ ಈ ಬಾಕಿ ಸಾಲೇ ಇರಲಿಲ್ಲ. ಕಟ್ಟೋದು ಹೊರಗಿನ ಅಕೌಂಟೆಂಟ್ ಕೆಲಸ ಅಂತ ನಾನಂದುಕೊಂಡಿದ್ದೆ, ಕಟ್ಟುತ್ತಿರೋದು ನಾನು ಅಂತ ಮಾಲೀಕರು ಅಂದುಕೊಂಡಿದ್ದರು. ಬ್ಯಾಂಕಿನಲ್ಲಿ ದುಡ್ಡು ಕಂಡು ಅವರು ಹಳೇ ಫೋರ್ಕ್‌ಲಿಫ್ಟ್ ಕೊಂಡರು. ಅದು ಅವರ ದುಡ್ಡಾಗಿರಲಿಲ್ಲ. ನೌಕರರಿಂದ ಹಿಡಿದದ್ದನ್ನು ಕಂಪನಿ ಸರ್ಕಾರದ ಪರವಾಗಿ ಇಟ್ಟುಕೊಂಡಿರುತ್ತದೆ, ಅಷ್ಟೇ. ಮೂರು ತಿಂಗಳ ಮೇಲೆ ಏಜೆನ್ಸಿಯಿಂದ ಕಾಗದ ಬಂತು. ಏಳು ದಿನ ದಾಟಿದರೆ ದಂಡವೇ ಶೇ. 10, ಮೇಲೆ ಬಡ್ಡಿ. ಮಾಲೀಕರು ಸಾಲ ಮಾಡಿ ಕಟ್ಟಿದರು. ಆ ತಿಂಗಳೇ ಗೋಡೌನಿನ ಒಬ್ಬನನ್ನು ಕೆಲಸದಿಂದ ಬಿಡಿಸಿದರು.

ನಾನು ಸೇರಿದ ಮೊದಲ ವಾರ ಬರಿಗೈಯಲ್ಲಿ ಬಸ್ಸಿಗೆ ನಿಂತಿದ್ದನ್ನು ನೋಡಿ ತನ್ನ ಗ್ಲೌಸು ಬಿಚ್ಚಿ ಕೊಟ್ಟವನು ಅವನೇ. ಕಂದು ಬಣ್ಣದ್ದು, ಬಲಗೈ ಹೆಬ್ಬೆರಳ ಹತ್ತಿರ ನೂಲು ಬಿಟ್ಟಿತ್ತು. ಅವನು ಹೋದ ದಿನ ತಪ್ಪು ನನ್ನದು ಅಂತ ಹೇಳಲಿಲ್ಲ. ಆಮೇಲೆ ಅವನು ಸಿಗಲೇ ಇಲ್ಲ. ಗ್ಲೌಸು ಇನ್ನೂ ನನ್ನ ಹತ್ತಿರ ಇದೆ.

ನಮ್ಮೂರಲ್ಲಿ ಹೊಸಬರು ಸಾಹುಕಾರರನ್ನು ಎದುರು ನಿಂತು ಕೇಳುವುದಿಲ್ಲ, ನಿನಗೆ ಗೊತ್ತೇ ಇದೆ. ನಾನೂ ಅದಕ್ಕೇ ಸುಮ್ನಿದ್ದೆ. ನೀನು ಹಾಗೆ ಮಾಡಬೇಡ. ನಾಳೆನೇ ಹೋಗಿ "15ರೊಳಗೆ ಕಟ್ಟೋದು ಯಾರು, ನಾನಾ, ನೀವಾ?" ಅಂತ ಕೇಳಿ, ಅವರ ಉತ್ತರವನ್ನು ಇಮೇಲಿನಲ್ಲಿ ತಗೋ. ಮೊದಲ ತಿಂಗಳ ಎಂಟ್ರಿಯನ್ನು ಹಾಳೆಯಲ್ಲಿ ಬರೆದು ಫೋಟೋ ಕಳಿಸು. ಅದರಲ್ಲಿ ನೌಕರರ ಹೆಸರು, ಸಿನ್ ನಂಬರು (ನಮ್ಮ ಆಧಾರ್ ತರಹದ ಗುರುತಿನ ಸಂಖ್ಯೆ) ಇರಬಾರದು. ಶನಿವಾರ ಕೂತು ನೋಡುತ್ತೇನೆ.