ಡಿಎಸ್‌ಪಿ ಹಾಕಿದ ಮೇಲೆ ಹಾಡುವವರ ದನಿ ಹಿಂದೆ ಸರಿಯಿತೇ?

ಪ್ರಶ್ನೆ: ನಾನೇ ಕಟ್ಟಿದ ಟೂ-ವೇ ಸ್ಪೀಕರ್‌ಗಳಿವೆ (ದಪ್ಪ ದನಿಗೆ ವೂಫರ್, ತೆಳು ದನಿಗೆ ಟ್ವೀಟರ್), ಜೊತೆಗೊಂದು ಸಬ್‌ವೂಫರ್. ದನಿಯನ್ನು ಇವೆರಡಕ್ಕೂ ಹಂಚಲು ಒಳಗಿದ್ದ 12 ಡಿಬಿ ಪ್ಯಾಸಿವ್ ಕ್ರಾಸ್‌ಓವರ್ ತೆಗೆದು, ಡಿಎಸ್‌ಪಿಯಲ್ಲಿ (ಆಂಪ್ಲಿಫೈಯರ್‌ಗೆ ಮುಂಚೆಯೇ ದನಿಯನ್ನು ಡಿಜಿಟಲ್ ಆಗಿ ತಿದ್ದುವ ಸಾಧನ) 2,000 ಹರ್ಟ್ಸ್‌ಗೆ 24 ಡಿಬಿ ಲಿಂಕ್‌ವಿಟ್ಜ್-ರೈಲಿ ಎಂಬ ಬಗೆಯ ಫಿಲ್ಟರ್ ಹಾಕಿದೆ. ಈಗ ಹಾಡುವವರ ದನಿ ಹಿಂದೆ ಸರಿದಂತೆ ಕೇಳುತ್ತದೆ. ಈಕ್ವಲೈಜರ್‌ನಲ್ಲಿ ಎತ್ತಿದರೂ ತುಂಬುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಟ್ವೀಟರ್‌ನ ವೈರ್ ನೋಡಿ. 12 ಡಿಬಿ ಫಿಲ್ಟರ್‌ನಲ್ಲಿ (ಪ್ರತಿ ಆಕ್ಟೇವ್‌ಗೆ 12 ಡಿಬಿ ತಗ್ಗಿಸುವಂಥದ್ದು) ಕ್ರಾಸ್‌ಓವರ್ ಜಾಗದಲ್ಲಿ ವೂಫರ್, ಟ್ವೀಟರ್‌ಗಳ ಅಲೆಗಳು ಒಂದಕ್ಕೊಂದು 180 ಡಿಗ್ರಿ ದೂರವಿರುತ್ತವೆ, ಅಂದರೆ ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ಹಾಗಾಗಿ ಅಲ್ಲಿ ಟ್ವೀಟರ್‌ನ ಪ್ಲಸ್-ಮೈನಸ್ ಉಲ್ಟಾ ಕೊಡುವುದು ವಾಡಿಕೆ. 24 ಡಿಬಿಯಲ್ಲಿ ಅಂತರ 360 ಡಿಗ್ರಿ, ಅಂದರೆ ಎರಡೂ ಒಟ್ಟಿಗೇ ಹೆಜ್ಜೆ ಹಾಕುತ್ತವೆ. ಹಳೆಯ ಉಲ್ಟಾ ವೈರ್ ಹಾಗೇ ಉಳಿದಿದ್ದರೆ 2,000 ಹರ್ಟ್ಸ್ ಹತ್ತಿರ ಒಂದನ್ನೊಂದು ಅಳಿಸಿಹಾಕುತ್ತವೆ. ಈಕ್ವಲೈಜರ್‌ನಲ್ಲಿ ಎತ್ತಿದರೆ ಎರಡೂ ಜಾಸ್ತಿಯಾಗಿ, ಅಳಿಸುವುದೂ ಅಷ್ಟೇ ಜಾಸ್ತಿಯಾಗುತ್ತದೆ. ಸುಮ್ನೆ ಆಂಪ್ಲಿಫೈಯರ್‌ಗೆ ಭಾರ. ಆ ಎತ್ತಿದ್ದನ್ನೆಲ್ಲ ಮೊದಲು ಸೊನ್ನೆಗೆ ತನ್ನಿ.

ವೈರ್ ಸರಿಯಾದ ಮೇಲೆ ಉಳಿಯುವುದು ದೂರದ ಲೆಕ್ಕ. ವೂಫರ್‌ನ ಕೋನ್ ಒಳಕ್ಕಿದೆ, ಟ್ವೀಟರ್‌ನ ಡೋಮ್ ಮುಂದಿದೆ. 2 ಸೆಂ.ಮೀ. ಅಂತರ ಇದೆ ಅಂದುಕೊಳ್ಳಿ. 2,000 ಹರ್ಟ್ಸ್‌ನ ಅಲೆ ಸುಮಾರು 17 ಸೆಂ.ಮೀ. ಉದ್ದ, ಹಾಗಾಗಿ ಆ ಅಂತರ 40 ಡಿಗ್ರಿ ದಾಟುತ್ತದೆ. ಟ್ವೀಟರ್‌ಗೆ 0.06 ಮಿಲಿಸೆಕೆಂಡ್ ಡಿಲೇ (ತಡ) ಕೊಟ್ಟರೆ ಸರಿಹೋಗುತ್ತದೆ. ಇಷ್ಟು ಸಣ್ಣ ಡಿಲೇ ಪ್ಯಾಸಿವ್ ಕ್ರಾಸ್‌ಓವರ್‌ನಲ್ಲಿ ತರುವುದು ಬಲು ಕಷ್ಟ. ಡಿಎಸ್‌ಪಿಯ ಬಗ್ಗೆ ನನಗೆ ಪ್ರೀತಿ ಹುಟ್ಟಿದ್ದೇ ಇದರಿಂದ.

ಆದರೆ ಅಳತೆ ಶುರುಮಾಡುವ ಮುನ್ನ ಟ್ವೀಟರ್ ಕಾಪಾಡಿ. ಈಗ ಅದಕ್ಕೂ ಆಂಪ್ಲಿಫೈಯರ್‌ಗೂ ನಡುವೆ ಏನೂ ಇಲ್ಲ, ಅಲ್ವಾ? ಆನ್ ಮಾಡುವಾಗ ಬರುವ ಒಂದು 'ಧಡ್', ಇಲ್ಲವೇ ತಪ್ಪು ಔಟ್‌ಪುಟ್‌ಗೆ ಸಿಕ್ಕಿಸಿದ ಒಂದು ಕೇಬಲ್ ಸಾಕು, ಕಾಯಿಲ್ ಸುಟ್ಟುಹೋಗಬಹುದು. 8 ಓಮ್ ಟ್ವೀಟರ್ ಆದರೆ ಸೀರೀಸ್‌ನಲ್ಲಿ 33 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಹಾಕಿ. ಸುಮಾರು 600 ಹರ್ಟ್ಸ್‌ನಿಂದ ಕೆಳಗಿನದ್ದನ್ನು ಅದು ತಗ್ಗಿಸುತ್ತದೆ. ಅದನ್ನು ಇಟ್ಟುಕೊಂಡೇ ಅಳೆಯಿರಿ.

ಇನ್ನು ಅಳೆಯುವ ಬಗೆ. ಒಂದೇ ಸ್ಪೀಕರ್ ಹಾಕಿ, ಸಬ್ ಆಫ್ ಮಾಡಿ. ಅಳತೆಯ ಮೈಕನ್ನು ಟ್ವೀಟರ್ ಎತ್ತರಕ್ಕೆ, 1 ಮೀಟರ್ ದೂರದಲ್ಲಿಡಿ. ಈಗ ಬೇಕೆಂದೇ ಡಿಎಸ್‌ಪಿಯಲ್ಲಿ ಟ್ವೀಟರ್‌ನ ಪೋಲಾರಿಟಿ (ಪ್ಲಸ್-ಮೈನಸ್) ತಿರುಗಿಸಿ. ಗ್ರಾಫ್‌ನಲ್ಲಿ 2,000ದ ಹತ್ತಿರ ಒಂದು ಗುಂಡಿ ಕಾಣಬೇಕು. ಡಿಲೇಯನ್ನು ಒಂದೊಂದೇ ಹೆಜ್ಜೆ ಬದಲಿಸುತ್ತಾ ಹೋಗಿ (48 ಕಿಲೋಹರ್ಟ್ಸ್‌ನಲ್ಲಿ ಒಂದು ಸ್ಯಾಂಪಲ್ ಅಂದರೆ ಸುಮಾರು 7 ಮಿ.ಮೀ.). ಗುಂಡಿ ಎಲ್ಲಿ ಅತಿ ಆಳವಾಗಿ, ಎರಡೂ ಕಡೆ ಒಂದೇ ಸಮವಾಗಿ ಕಾಣುತ್ತದೋ ಅಲ್ಲಿ ನಿಲ್ಲಿಸಿ. ಪೋಲಾರಿಟಿ ಮೊದಲಿನಂತೆ ಮಾಡಿ. ಗುಂಡಿ ತುಂಬಿ, ದನಿ ಮುಂದೆ ಬರುತ್ತದೆ.

ಸಬ್‌ವೂಫರ್‌ಗೂ ಇದೇ ಉಪಾಯ. ಆದರೆ ಮೈಕ್ ನೀವು ಕೂರುವ ಜಾಗದಲ್ಲಿರಲಿ. ಸಬ್ ಸಾಮಾನ್ಯವಾಗಿ ತಡವಾಗಿ ಬರುತ್ತದೆ, ಹಾಗಾಗಿ ಡಿಲೇ ಕೊಡಬೇಕಾದ್ದು ಎದುರಿಗಿರುವ ಟೂ-ವೇ ಸ್ಪೀಕರ್‌ಗಳಿಗೆ.